ರೋಡ್ಸ್: ಕತ್ತಿ ಹಿಡಿದ ಸನ್ಯಾಸಿಗಳ ಕೋಟೆ ಊರು

ಈಗ ಕಾಣ್ತಿರೋ ಬೀದಿ ಗ್ರೀಸ್‌ನ ರೋಡ್ಸ್ ದ್ವೀಪದ್ದು, ನೈಟ್ಸ್ ಸ್ಟ್ರೀಟ್ ಅಂತಾರೆ, ಕೆಳಗೆ ಪೂರ್ತಿ ಉರುಟು ಕಲ್ಲು, ತೆಳು ಚಪ್ಪಲಿ ಹಾಕ್ಕೊಂಡ್ ಬಂದ್ರೆ ಪಾದದ ಗತಿ ಅಷ್ಟೇ. ಎರಡೂ ಕಡೆ ಇರೋ ಕಟ್ಟಡಗಳು ನೈಟ್‌ಗಳದ್ದು, ಅಂದ್ರೆ ಕತ್ತಿ ಹಿಡಿದ ಸನ್ಯಾಸಿಗಳದ್ದು, ನಮ್ಮ ಜಾತಿವಾರು ಛತ್ರಗಳಿದ್ದ ಹಾಗೆ, ಆದ್ರೆ ಇಲ್ಲಿ ಲೆಕ್ಕ ಜಾತಿದಲ್ಲ, ಭಾಷೆದು.

ಯಾರಪ್ಪ ಇವ್ರು ಅಂದ್ರೆ ಸೇಂಟ್ ಜಾನ್ ಅನ್ನೋ ಕ್ರೈಸ್ತ ಪಂಥದವರು. ಜೆರುಸಲೇಮಲ್ಲಿ ಯಾತ್ರಿಕರಿಗೆ ಆಸ್ಪತ್ರೆ ನಡೆಸ್ತಿದ್ದ ಸನ್ಯಾಸಿಗಳು, ಬರ್ತಾ ಬರ್ತಾ ಕತ್ತಿನೂ ಹಿಡಿದ್ರು, 1291ರಲ್ಲಿ ಆ ಕಡೆ ಕ್ರೈಸ್ತರ ಕೈಲಿದ್ದ ಆಕ್ರಾ ಅನ್ನೋ ಬಂದರು ಪಟ್ಟಣ ಕೈತಪ್ಪಿದ್ಮೇಲೆ ಸೈಪ್ರಸ್‌ಗೆ ಹೋಗಿ, ಅಲ್ಲಿಂದ 1309ರ ಹೊತ್ತಿಗೆ ಇಲ್ಲಿ ಬಂದು ಬೇರೂರಿದ್ರು. ಊರಿನ ಉತ್ತರ ಭಾಗ ಇವ್ರಿಗೆ, ದಕ್ಷಿಣದ ದೊಡ್ಡ ಭಾಗ ಗ್ರೀಕರು, ಯಹೂದಿಗಳು, ವ್ಯಾಪಾರಿಗಳಿಗೆ, ಮಧ್ಯ ಒಂದು ಒಳಗೋಡೆ.

ಹೊರಗಿನ ಕೋಟೆಗೋಡೆ ಸುಮಾರು 4 ಕಿಲೋಮೀಟರ್ ಇದೆ, ಅದನ್ನೂ ಭಾಷೆವಾರು ಪಾಲು ಮಾಡ್ಕೊಂಡಿದ್ರು, ಇಷ್ಟುದ್ದ ಇಟಲಿಯವ್ರು ಕಾಯ್ಬೇಕು, ಇಷ್ಟುದ್ದ ಇಂಗ್ಲಿಷರು, ಆಮೇಲೆ ಫ್ರಾನ್ಸ್ ಕಡೆಯ ಪ್ರೊವಾನ್ಸ್‌ನವ್ರು, ಸ್ಪೇನ್ ಕಡೆಯ ಅರಗಾನ್‌ನವ್ರು, ಹೀಗೆ. 1480ರಲ್ಲಿ ಒಟ್ಟೊಮನ್ ತುರ್ಕರ ಸೇನೆ ಬಂದು ಸೋತು ವಾಪಸ್ ಹೋಯ್ತು. ಅದಾದ್ಮೇಲೆ ಪಂಥದ ಮುಖ್ಯಸ್ಥ, ಗ್ರ್ಯಾಂಡ್ ಮಾಸ್ಟರ್ ಪಿಯರ್ ದೊಬುಸೋನ್ ಫಿರಂಗಿ ಏಟು ತಡ್ಕೊಳ್ಳೋ ಹಾಗೆ ಗೋಡೆ ದಪ್ಪ ಮಾಡಿಸಿ ಕಂದಕ ಅಗಲ ಮಾಡಿಸಿದ.

1522ರಲ್ಲಿ ಒಟ್ಟೊಮನ್ ಸುಲ್ತಾನ್ ಸುಲೇಮಾನ್ ಖುದ್ದಾಗಿ ಬಂದ. ಗೋಡೆ ದಪ್ಪ ಇದ್ರೇನು, ಅಡಿಯಿಂದ ಸುರಂಗ ಕೊರೆದು ಮದ್ದಿಟ್ಟು ಸಿಡಿಸೋಣ ಅಂತ ಶುರು ಮಾಡಿದ್ರು. ಒಳಗೆ ತಾದೀನಿ ಅಂತ ಒಬ್ಬ ಇಟಾಲಿಯನ್ ಇಂಜಿನಿಯರ್ ಇದ್ದ, ಅವ್ನು ಏನ್ ಮಾಡ್ದ ಗೊತ್ತಾ, ಬಿಗಿಯಾಗಿ ಎಳೆದ ಡೋಲಿನ ಚರ್ಮಕ್ಕೆ ಸಣ್ಣ ಗಂಟೆ ಕಟ್ಟಿ ನೆಲದಡಿ ಇಡಿಸಿದ, ಆಚೆ ಗುದ್ದಲಿ ಬಿದ್ರೆ ಈಚೆ ಗಂಟೆ ಅಲ್ಲಾಡುತ್ತೆ, ತಕ್ಷಣ ಇವ್ರೂ ಎದುರಿಂದ ಸುರಂಗ ತೋಡೋದು. ತಲೆ ಅಂದ್ರೆ ಇದು! ಆದ್ರೂ ಇಂಗ್ಲಿಷರ ಪಾಲಿನ ಗೋಡೆ ಒಂದ್ಕಡೆ ಸಿಡಿದೇ ಹೋಯ್ತು. ಆರು ತಿಂಗಳು ಎಳೆದಾಡಿ ಕೊನೆಗೆ ಒಪ್ಪಂದ ಆಯ್ತು, 1523ರ ಜನವರಿ 1ಕ್ಕೆ ನೈಟ್‌ಗಳು ಊರು ಬಿಟ್ಟು ಹಡಗು ಹತ್ತಿದ್ರು, 1530ರಲ್ಲಿ ಅವ್ರಿಗೆ ಮಾಲ್ಟಾ ದ್ವೀಪ ಸಿಕ್ತು.

ಮೇಲಿರೋ ದೊಡ್ಡ ಅರಮನೆ ನೋಡಿ ಎಲ್ರೂ ವಾವ್ ಅಂತಾರೆ, ಆದ್ರೆ ಅದು 1856ರ ಮದ್ದಿನ ಸ್ಫೋಟದಲ್ಲಿ ಕುಸಿದು, 1930ರ ದಶಕದಲ್ಲಿ ಇಟಾಲಿಯನ್ನರು ಮತ್ತೆ ಕಟ್ಟಿದ್ದು, ನೆಲದ ಮೊಸಾಯಿಕ್‌ಗಳನ್ನ ಕೋಸ್ ದ್ವೀಪದಿಂದ ತಂದು ಹಾಕಿದಾರೆ. ನನ್ ಕೇಳಿದ್ರೆ ಮೊದಲು ನೈಟ್‌ಗಳ ಆಸ್ಪತ್ರೆಗೆ ಹೋಗಿ. 1440ರಲ್ಲಿ ಶುರುವಾಗಿ 1489ಕ್ಕೆ ಮುಗಿದ ಕಟ್ಟಡ, ಈಗ ಮ್ಯೂಸಿಯಂ, ಮೇಲಿನ ಉದ್ದನೆ ವಾರ್ಡ್‌ನಲ್ಲಿ ರೋಗಿಗಳು ಮಲ್ಕೊಂಡೇ ಪ್ರಾರ್ಥನೆ ಕೇಳ್ಲಿ ಅಂತ ಅಲ್ಲೇ ಒಂದು ಪುಟ್ಟ ಚಾಪೆಲ್ ಇದೆ. ಅದು ಮುಗಿಸ್ಕೊಂಡು ಕಂದಕಕ್ಕೆ ಇಳೀರಿ, ಟಿಕೆಟ್ ಇಲ್ಲ, ಫಿರಂಗಿಯ ಕಲ್ಲುಗುಂಡುಗಳು ಹಾಗೇ ಬಿದ್ದಿವೆ.