ಬಾಗಿಲು ಹಾಕಿದ ದಿನಗಳ ಕವಿತೆ

ಎಲ್ಲರಿಗೂ ನಮಸ್ಕಾರ.

ಲಾಕ್‌ಡೌನ್ ದಿನಗಳಲ್ಲಿ ಯಾವತ್ತೂ ಕವಿತೆ ಬರೆಯದವರೂ ಬರೆದರು. ಫೋನಿನ ನೋಟ್ಸ್‌ನಲ್ಲಿ ಬರೆದರು, ಹಳೇ ಡೈರಿಯ ಖಾಲಿ ಹಾಳೆಯಲ್ಲಿ ಬರೆದರು. ಆ ಕವಿತೆಗಳ ಬಗ್ಗೆ ಎರಡು ಮಾತು ಜಾಸ್ತಿ ಕೇಳಿಬಂತು. ಹೊತ್ತು ಹೋಗದೆ ಬರೆದದ್ದು, ಅಷ್ಟೇನೂ ಮುಖ್ಯ ಅಲ್ಲ ಅನ್ನುವುದು ಒಂದು. ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಸುರಿದುಬಿಟ್ಟರೆ ಸಾಕು, ಹಗುರಾಗುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಕವಿತೆ ಆಗ ಬಹಳ ಜನರನ್ನು ಕುಸಿಯದಂತೆ ಹಿಡಿದಿತ್ತು. ಬರೆದ ಸಾಲನ್ನು ಮತ್ತೆ ಮತ್ತೆ ತಿದ್ದಿದ್ದರಿಂದಲೇ ಆ ಬಲ ಬಂತು ಅಂತ ನಾನು ನಂಬುತ್ತೇನೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಏಪ್ರಿಲ್ ಹೊತ್ತಿಗೆ ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ಮನೆಯಲ್ಲೇ ಇರಬೇಕಾಯಿತು. ಆಗಿನ ಕಷ್ಟ ರೋಗದ ಭಯವೊಂದೇ ಆಗಿರಲಿಲ್ಲ. ಸೋಮವಾರ ಯಾವುದು, ಗುರುವಾರ ಯಾವುದು ಗೊತ್ತಾಗುತ್ತಿರಲಿಲ್ಲ. ದಿನಾ ಒಂದು ಸಂಖ್ಯೆ ಬರುತ್ತಿತ್ತು, ಮಾರನೇ ದಿನ ಅದಕ್ಕಿಂತ ದೊಡ್ಡದು. ಯಾವುದೂ ನಮ್ಮ ಕೈಯಲ್ಲಿರಲಿಲ್ಲ.

ಬರೆಯುವುದರಿಂದ ಏನಾಗುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮೊದಲೇ ನೋಡಿದ್ದರು. ಅವರ ಮೊದಲ ಪ್ರಯೋಗ ಪ್ರಕಟವಾದದ್ದು 1986ರಲ್ಲಿ. ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಸುಮ್ನೆ ಯಾವುದೋ ಸಾಧಾರಣ ವಿಷಯ ಬರೆದರು. ಉಳಿದವರು ತಮ್ಮ ಬದುಕಿನ ಅತಿ ನೋವಿನ ಘಟನೆ ಬರೆದರು. ಅವರಲ್ಲೂ ಒಂದು ಗುಂಪು ನಡೆದದ್ದನ್ನಷ್ಟೇ ಬರೆಯಿತು, ಒಂದು ಗುಂಪು ಅನಿಸಿದ್ದನ್ನಷ್ಟೇ ಬರೆಯಿತು, ಮತ್ತೊಂದು ಎರಡನ್ನೂ ಬರೆಯಿತು. ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದು ಮುಗಿಸಿದ ಕೂಡಲೇ ಅವರ ಮನಸ್ಸು ಹಗುರಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು! ಇದನ್ನು ನಾವು ಮರೆಯಬಾರದು. ನಂತರದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರೆ ಲಾಭ ಇದೆ, ಆದರೆ ಸಣ್ಣದು. ಬರವಣಿಗೆ ಔಷಧಿ ಅಂತ ಯಾರಾದರೂ ಹೇಳಿದರೆ ಅದು ಅತಿಯಾಯಿತು. ನಡೆದದ್ದು, ಅನಿಸಿದ್ದು, ಎರಡೂ ಸೇರಬೇಕು ಅನ್ನುವುದು ಮಾತ್ರ ಕವಿತೆಗೆ ಚೆನ್ನಾಗಿ ಹೊಂದುತ್ತದೆ.

ಒಂದು ಉದಾಹರಣೆಯನ್ನು ನಾನೇ ಕಟ್ಟಿ ತೋರಿಸುತ್ತೇನೆ. ಆಗ ಬರೆಯಲು ಕೂತ ಯಾರಿಗಾದರೂ ಮೊದಲು ಬರುತ್ತಿದ್ದ ಸಾಲು ಹೀಗಿರುತ್ತಿತ್ತು:

ಭಯದ ಕತ್ತಲು ಕವಿದಿದೆ,
ಒಂಟಿತನ ಸುಡುತಿದೆ,
ಎಂದು ಬರುವುದೋ ಬೆಳಕು.

ಇದರಲ್ಲಿ ಸುಳ್ಳಿಲ್ಲ. ಆದರೆ ಇದು ಯಾರ ಭಯ? ಯಾವ ವರ್ಷದ್ದು? ಇದನ್ನು ಬರೆದವರಿಗೆ ಏನನ್ನೂ ನೋಡಬೇಕಾಗಿ ಬರಲಿಲ್ಲ. ಈಗ ಅದೇ ಮನುಷ್ಯ ಇದನ್ನು ಹೊಡೆದುಹಾಕಿ ಇನ್ನೊಮ್ಮೆ ಕೂರುತ್ತಾನೆ ಅಂದುಕೊಳ್ಳಿ:

ವಿಡಿಯೋ ಕಾಲ್‌ನಲ್ಲಿ ಅಮ್ಮ
ಫೋನನ್ನು ಕಿವಿಗೆ ಒತ್ತಿಕೊಂಡಿದ್ದಾಳೆ.
ನನಗೆ ಕಾಣುವುದು ಒಂದು ಕಿವಿ,
ಒಂದಿಷ್ಟು ಬಿಳಿ ಕೂದಲು.
'ಕಾಣ್ತಿದೀನಾ?' ಅಂತ ಕೇಳುತ್ತಾಳೆ.

ಭಯ ಅನ್ನುವ ಮಾತೇ ಇಲ್ಲಿ ಇಲ್ಲ. ಆದರೂ ಈ ಮುಖವನ್ನು ಮತ್ತೆ ಎದುರಿಗೆ ಕೂತು ನೋಡುತ್ತೇನಾ ಅನ್ನುವ ಭಯ ಇದೆ, ಅಲ್ವಾ? ಕೂದಲಿಗೆ 'ಬಿಳಿ' ಅನ್ನಲಾ, 'ನರೆತ' ಅನ್ನಲಾ? ಕೊನೆಯ ಸಾಲು ಪ್ರಶ್ನೆಯಾಗಿಯೇ ನಿಲ್ಲಲಾ? ಹೀಗೆ ಯೋಚಿಸುತ್ತಾ ಇದ್ದಷ್ಟು ಹೊತ್ತು ಒಂದಿಷ್ಟು ನಿರ್ಧಾರಗಳಾದರೂ ಬರೆಯುವವರ ಕೈಗೆ ಬಂದವು. ಸಾಲನ್ನು ಎಲ್ಲಿ ಮುರಿಯಬೇಕು ಅಂತ ಯಾವ ಆದೇಶವೂ ಹೇಳುವುದಿಲ್ಲ. ಏನೂ ಕೈಯಲ್ಲಿ ಇಲ್ಲದ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು ಒಬ್ಬ ದೊಡ್ಡ ಕವಿ ಆಗ ಏನು ಮಾಡಿದರು ನೋಡೋಣ. ಬ್ರಿಟನ್ನಿನ ಆಸ್ಥಾನ ಕವಿ ಸೈಮನ್ ಆರ್ಮಿಟೇಜ್ 2020ರ ಮಾರ್ಚ್‌ನಲ್ಲಿ 'ಲಾಕ್‌ಡೌನ್' ಅನ್ನುವ ಕವಿತೆ ಪ್ರಕಟಿಸಿದರು. ಅದು ಶುರುವಾಗುವುದು ಇಂಗ್ಲೆಂಡಿನ ಈಮ್ ಅನ್ನುವ ಹಳ್ಳಿಯ ಪ್ಲೇಗ್‌ನಿಂದ. 1665ರಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಜೊತೆ ರೋಗ ಹೊತ್ತ ಚಿಗಟಗಳು ಆ ಹಳ್ಳಿಗೆ ಬಂದವು ಅನ್ನುತ್ತಾರೆ. ರೋಗ ಸುತ್ತಲಿನ ಊರುಗಳಿಗೆ ಹರಡಬಾರದು ಅಂತ ಹಳ್ಳಿಯವರು ತಾವೇ ಗಡಿ ಹಾಕಿಕೊಂಡರು. ಗಡಿಯ ಕಲ್ಲಿನಲ್ಲಿ ಕುಳಿ ಕೊರೆದು, ಸೋಂಕು ಹೋಗಲಿ ಅಂತ ವಿನೆಗರ್ ತುಂಬಿ, ಅದರಲ್ಲಿ ನಾಣ್ಯ ಇಡುತ್ತಿದ್ದರು. ಹೊರಗಿನವರು ಸಾಮಾನು ಇಟ್ಟು ನಾಣ್ಯ ತೆಗೆದುಕೊಂಡು ಹೋಗುತ್ತಿದ್ದರು.

ಅಲ್ಲಿಂದ ಆ ಕವಿತೆ ಎಲ್ಲಿಗೆ ಹೋಗುತ್ತದೆ ಗೊತ್ತಾ? ನಮ್ಮ ಕಾಳಿದಾಸನ ಮೇಘದೂತಕ್ಕೆ. ಬೇಂದ್ರೆಯವರು ಕನ್ನಡಕ್ಕೆ ತಂದ ಅದೇ ಮೇಘದೂತ. ನನಗೆ ಇದು ಬಹಳ ಸರಿ ಅನಿಸಿತು. ಕುಬೇರನ ಶಾಪದಿಂದ ಯಕ್ಷ ಒಂದು ವರ್ಷ ರಾಮಗಿರಿಯಲ್ಲಿ ಇರಬೇಕು. ಹೆಂಡತಿ ದೂರದ ಅಲಕೆಯಲ್ಲಿ. ಎಂಟು ತಿಂಗಳು ಕಳೆದಿವೆ, ನಾಲ್ಕು ಬಾಕಿ. ಆಷಾಢದ ಮೋಡ ಕಂಡಾಗ ಹೆಂಡತಿಗೆ ಸಂದೇಶ ಒಯ್ಯಿ ಅಂತ ಅದನ್ನು ಕೇಳುವ ಅವನು, ತನ್ನ ದುಃಖ ತೋಡಿಕೊಳ್ಳುವ ಮೊದಲು ಅದಕ್ಕೆ ದಾರಿ ಹೇಳುತ್ತಾನೆ. ಕಾವ್ಯದ ಮೊದಲ ಭಾಗವಾದ ಪೂರ್ವಮೇಘದ ತುಂಬಾ ದಾರಿಯೇ. ಈ ನದಿಯ ನೀರು ಕುಡಿ, ಸುತ್ತಾದರೂ ಪರವಾಗಿಲ್ಲ, ಉಜ್ಜಯಿನಿ ನೋಡಿಕೊಂಡು ಹೋಗು ಅನ್ನುತ್ತಾನೆ. ತಾನು ಹೋಗಲಾಗದ ದಾರಿಯನ್ನು ಒಂದೊಂದೇ ತಿರುವು ಹಿಡಿದು ಮನಸ್ಸಿನಲ್ಲೇ ನಡೆಯುತ್ತಾನೆ. ಲಾಕ್‌ಡೌನ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ದಾರಿಯನ್ನು, ಬಸ್ಸಿನಲ್ಲಿ ದಿನಾ ಕಾಣುತ್ತಿದ್ದ ಮುಖಗಳನ್ನು ನೆನಪಿಸಿಕೊಂಡು ಬರೆದವರೂ ಇದನ್ನೇ ಮಾಡಿದರು.

ಸತ್ತವರಿಗಾಗಿ ಬರೆದ ಕವಿತೆಗಳ ಮಾತು ಬೇರೆ. ಎಷ್ಟೋ ಮನೆಯವರಿಗೆ ಕೊನೆಯ ಬಾರಿ ಮುಖ ನೋಡಲು ಆಗಲಿಲ್ಲ. ಜನ ಸೇರುವಂತಿರಲಿಲ್ಲ. ಹೋದವರ ಬಗ್ಗೆ ನಾಲ್ಕು ಜನರ ಮುಂದೆ ನಾಲ್ಕು ಮಾತು ಹೇಳುವುದೂ ತಪ್ಪಿಹೋಯಿತು. ಆ ಮಾತನ್ನು ಕವಿತೆ ಹೇಳಿತು. ಅಂಥವನ್ನು ಸಾಹಿತ್ಯದ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಅವರ ಕನ್ನಡಕ, ಅವರ ನಡಿಗೆ, ಅವರು ಬೈಯುತ್ತಿದ್ದ ರೀತಿ ಅದರಲ್ಲಿ ಇದ್ದರೆ ಅದು ಗೆದ್ದ ಕವಿತೆ.

ಬರೆಯಲು ಒಂದು ಸೂರು, ಒಂದಿಷ್ಟು ಬಿಡುವು ಬೇಕು. ಕೆಲಸ ಕಳೆದುಕೊಂಡು ರಸ್ತೆಗೆ ಬಿದ್ದವರಿಗೆ ಅದು ಸಿಗಲಿಲ್ಲ. ಅವರ ಬಗ್ಗೆ ಬೇರೆಯವರು ಬರೆದ ಕವಿತೆಗಳು ಬೇಕಾದಷ್ಟಿವೆ. ಅವರೇ ಬರೆದವು ಕಡಿಮೆ. ಆ ಕೊರತೆ ನನ್ನನ್ನು ಈಗಲೂ ಕಾಡುತ್ತದೆ.

ಆ ದಿನಗಳಲ್ಲಿ ಬರೆದದ್ದು ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ಹರಿದು ಹಾಕಬೇಡಿ. ತಾರೀಖು ಇಲ್ಲದಿದ್ದರೆ ನೆನಪಿದ್ದಷ್ಟು ಬರೆದಿಡಿ. ಈಗ ಇನ್ನೂ ಸ್ವಲ್ಪ ಸಮಯ ಇದೆ. ಫೋನಿನಲ್ಲಿ ಇದ್ದರೂ ಸರಿ, ಅರ್ಧ ಬರೆದದ್ದಾದರೂ ಸರಿ, ಯಾರು ಮೊದಲು ಓದುತ್ತೀರಿ?