ಮೊದಲು ಹೋಲ್‌ಸ್ಟರ್, ಆಮೇಲೆ ಪಿಸ್ತೂಲು

ನಮಸ್ಕಾರ, ಮೈಸೂರಿನಿಂದ ಮಾತಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕೆ ಇಟ್ಟೆ. ಹೋದ ಭಾನುವಾರ ಮಂಡ್ಯದಲ್ಲಿ ಒಂದು ದೃಶ್ಯ ನೋಡಿದೆ. ಅದೇ ರಾತ್ರಿ ಮನೆಗೆ ಬಂದು ಫೋನ್ ತೆಗೆದರೆ ನನ್ನ ವಿಡಿಯೋ ಕೆಳಗೆ ಒಂದು ಕಾಮೆಂಟು. ಎರಡೂ ಸೇರಿ ನಿದ್ದೆ ಕೆಡಿಸಿದವು.

ಮಂಡ್ಯದ ಒಂದು ಛತ್ರ, ಮದುವೆ ಊಟ. ಎರಡನೇ ಪಂಕ್ತಿ ಎದ್ದಿದೆ. ಕೈ ತೊಳೆಯುವ ಜಾಗದಲ್ಲಿ ನನ್ನ ಮುಂದೆ ಒಬ್ಬರು, ಐವತ್ತೈದು ಇರಬಹುದು, ಇಸ್ತ್ರಿ ಮಾಡಿದ ಬಿಳಿ ಶರ್ಟು. ನಲ್ಲಿಗೆ ಬಗ್ಗಿದರು, ಶರ್ಟು ಮೇಲೆ ಹೋಯಿತು. ಬೆನ್ನ ಹಿಂದೆ ಪಿಸ್ತೂಲು. ಬರೀ ಬೆಲ್ಟಿಗೆ ಸಿಕ್ಕಿಸಿದ್ದಾರೆ. ಹೋಲ್‌ಸ್ಟರ್, ಅಂದರೆ ಪಿಸ್ತೂಲು ಇಡುವ ಒರೆ, ಇಲ್ಲ, ಏನೂ ಇಲ್ಲ. ಪಕ್ಕದಲ್ಲಿ ನಾಲ್ಕು ವರ್ಷದ ಒಂದು ಮಗು ಅವರ ಪ್ಯಾಂಟು ಹಿಡಿದು ನಿಂತಿದೆ. ಮಗುವಿನ ಬೆರಳಿಗೂ ಆ ಟ್ರಿಗರಿಗೂ ಒಂದು ಗೇಣು ದೂರ. ಬಗ್ಗಿದ ರಭಸಕ್ಕೆ ಪಿಸ್ತೂಲು ಅರ್ಧ ಹೊರಗೆ ಬಂತು. ಅವರು ಸೋಪಿನ ಕೈಯಲ್ಲೇ ಹಿಂದಕ್ಕೆ ತಡವಿ, ಹಿಡಿ ಹಿಡಿದು ಒಳಗೆ ತಳ್ಳಿದರು. ಆಮೇಲೆ ಮಗುವನ್ನು ಎತ್ತಿಕೊಂಡು ಬೀಡಾ ತಗೊಳ್ಳೋಕೆ ಹೋದರು.

ಇನ್ನು ಕಾಮೆಂಟು. ‘ಬ್ರೋ, ಹೋಲ್‌ಸ್ಟರ್ ಕಥೆ ಸಾಕು. ದಿನಾ ಇಟ್ಕೊಳ್ಳೋಕೆ ಯಾವ ಪಿಸ್ತೂಲು ಬೆಸ್ಟು, ಒಂದೇ ಮಾತಲ್ಲಿ ಹೇಳಿ. 9 ಎಂಎಂ ಆದ್ರೆ ಸೂಪರ್.’

ಒಂದೇ ಮಾತಲ್ಲಿ ಹೇಳುತ್ತೇನೆ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಯಾವ ಪಿಸ್ತೂಲಿಗೆ ಸಿಗುತ್ತದೋ ಅದೇ ಬೆಸ್ಟು. ಸಿಗದಿದ್ದರೆ ಅದು ಬೀರುವಿನಲ್ಲಿ ಇರಬೇಕಾದ ವಸ್ತು, ಸೊಂಟದಲ್ಲಿ ಅಲ್ಲ.

9 ಎಂಎಂ ಮಾತನ್ನು ಇಲ್ಲೇ ಮುಗಿಸೋಣ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರ್, ಅಂದರೆ ಜನಸಾಮಾನ್ಯರಿಗೆ ಕೊಡದ ನಳಿಕೆಯ ಅಳತೆ. ಮಂಡ್ಯದಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ, ನಿಮಗೂ ನನಗೂ ಸಿಗುವ ಲೈಸೆನ್ಸ್ ಆ ಬೋರಿಗೆ ಅಲ್ಲ. ಅದು ಕೇಂದ್ರ ಗೃಹ ಇಲಾಖೆಯ ಮಟ್ಟದ್ದು. ಪಿಸ್ತೂಲು ಅಂದರೆ ನಮ್ಮ ಪಾಲಿಗೆ ಹೆಚ್ಚಾಗಿ .32, ಅಂದರೆ 7.65 ಎಂಎಂ. ಅಮೆರಿಕದ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ ಮಾಡಿದ ಗುಂಡು, 1899ರಿಂದ ಇದೆ. ‘ಅದೇನು ಆಟಿಕೆನಾ’ ಅನ್ನುವವರಿಗೆ ಒಂದೇ ಪ್ರಶ್ನೆ. ಏಳು ಹೆಜ್ಜೆ ದೂರದಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಐದಕ್ಕೆ ಐದು ಹೊಡೆದಿದ್ದೀರಾ? ಹೊಡೆದಿಲ್ಲ ಅಲ್ವಾ? ಮತ್ತೆ ಗುಂಡಿನ ದಪ್ಪದ ಚಿಂತೆ ಯಾಕೆ?

ಈಗ ಅಸಲಿ ವಿಷಯ. ಸೆಮಿ ಆಟೋಮ್ಯಾಟಿಕ್ಕಿಗೆ, ಅಂದರೆ ಪ್ರತಿ ಸಲ ಹೊಡೆದ ಮೇಲೆ ತಾನೇ ಗುಂಡು ತುಂಬಿಕೊಳ್ಳುವ ಪಿಸ್ತೂಲಿಗೆ, ರಿವಾಲ್ವರಿಗಿಂತ ಜಾಸ್ತಿ ಹೋಲ್‌ಸ್ಟರ್ ಬೇಕು. ಯಾಕೆ ಗೊತ್ತಾ? ರಿವಾಲ್ವರಿನಲ್ಲಿ, ಕುದುರೆಯನ್ನು, ಅಂದರೆ ಗುಂಡಿಗೆ ಹೊಡೆಯುವ ಪುಟ್ಟ ಸುತ್ತಿಗೆಯನ್ನು, ಕೈಯಿಂದ ಎಳೆದಿಡದಿದ್ದರೆ, ಪ್ರತಿ ಸಲವೂ ಟ್ರಿಗರ್ ಉದ್ದಕ್ಕೆ, ಭಾರವಾಗಿ ಎಳೆಯಬೇಕು. ಪಿಸ್ತೂಲು ಹಾಗಲ್ಲ. ಜರ್ಮನಿಯ ವಾಲ್ಥರ್ ಪಿಪಿ ತರಹದ್ದೇ ತಗೊಳ್ಳಿ, 1929ರ ವಿನ್ಯಾಸ. ಮೊದಲನೇ ಎಳೆತ ಭಾರ. ಗುಂಡು ಹಾರಿದ ತಕ್ಷಣ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಬಂದು ಖಾಲಿ ತೋಟಾ ಎಸೆಯುತ್ತದೆ, ಕುದುರೆಯನ್ನು ತಾನೇ ಎಳೆದಿಡುತ್ತದೆ, ಮುಂದೆ ಹೋಗುವಾಗ ಹೊಸ ಗುಂಡು ತುಂಬುತ್ತದೆ. ಈಗ ಟ್ರಿಗರ್ ಹಗುರ. ಸ್ವಲ್ಪ ತಾಗಿದರೆ ಸಾಕು. ಆ ಹೊತ್ತಿಗೆ ನಿಮ್ಮ ಕೈ ನಡುಗುತ್ತಿರುತ್ತದೆ, ಉಸಿರು ಮೇಲೆ ಕೆಳಗೆ. ಲಿವರ್ ಒತ್ತಿ ಕುದುರೆ ಇಳಿಸುವುದು ಮರೆತು, ಸೀದಾ ಸೊಂಟಕ್ಕೆ ತುರುಕುತ್ತೀರಿ. ಶರ್ಟಿನ ತುದಿ ಟ್ರಿಗರಿನ ಬಳೆಯೊಳಗೆ ಸಿಕ್ಕಿಕೊಳ್ಳುತ್ತದೆ. ಮುಗಿಯಿತು. ತೊಡೆಯೋ, ಕಾಲೋ, ಪಕ್ಕದಲ್ಲಿ ನಿಂತ ಮಗುವೋ.

ತೆಗೆಯುವಾಗ ಆಗುವ ಅಪಾಯಕ್ಕಿಂತ ವಾಪಸ್ ಇಡುವಾಗಿನ ಅಪಾಯ ದೊಡ್ಡದು. ಇದನ್ನು ಬರೆದಿಟ್ಟುಕೊಳ್ಳಿ.

ಹಾಗಂತ ಫುಟ್‌ಪಾತಿನಲ್ಲಿ ಸಿಗುವ ಮೆತ್ತನೆಯ ರೆಕ್ಸಿನ್ ಚೀಲ ಹೋಲ್‌ಸ್ಟರ್ ಅಲ್ಲ. ಒಂದು ವರ್ಷ ಬಳಸಿದರೆ ಅದರ ಬಾಯಿ ಸಡಿಲವಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಪಿಸ್ತೂಲು ಒಳಗೆ ತಳ್ಳಿದರೆ ಆ ಮಡಿಕೆಯೇ ಬೆರಳಿನ ಕೆಲಸ ಮಾಡುತ್ತದೆ. ಟ್ರಿಗರ್ ಒತ್ತುತ್ತದೆ.

ನನ್ನದನ್ನು ಮಾಡಿಸಿದ್ದು ಮಂಡಿ ಮೊಹಲ್ಲಾದಲ್ಲಿ. ಅಲ್ಲಿ ಒಬ್ಬ ಹಿರಿಯರು ಜಟಕಾ ಕುದುರೆಗಳಿಗೆ ಪಟ್ಟಿ, ಲಗಾಮು ಹೊಲಿಯುತ್ತಾ ಬಂದವರು. ಅರಮನೆ ಸುತ್ತ ನೀವು ನೋಡುವ ಜಟಕಾಗಳಿಗೆ ಈಗಲೂ ರಿಪೇರಿ ಮಾಡಿಕೊಡುತ್ತಾರೆ. ಪಿಸ್ತೂಲನ್ನು ಅವರ ಅಂಗಡಿಯಲ್ಲಿ ಬಿಟ್ಟು ಬರೋ ಹಾಗಿಲ್ಲ, ಲೈಸೆನ್ಸ್ ಇರುವುದು ನನ್ನ ಹೆಸರಲ್ಲಿ. ಅದಕ್ಕೆ ಬಡಗಿಯ ಹತ್ತಿರ ಹಲಸಿನ ಮರದಲ್ಲಿ ಅದೇ ಅಳತೆಯ ಒಂದು ಅಚ್ಚು ಮಾಡಿಸಿ ಕೊಟ್ಟೆ. ಅವರು ದಪ್ಪ ಚರ್ಮ ನೀರಲ್ಲಿ ನೆನೆಸಿ, ಅಚ್ಚಿನ ಮೇಲೆ ಎಳೆದು, ಕೊಂಬಿನ ತುಂಡಿನಿಂದ ತಿಕ್ಕಿದರು. ಟ್ರಿಗರಿನ ಜಾಗಕ್ಕೆ ಬಂದಾಗ ಕೈ ನಿಲ್ಲಿಸಿ, ‘ಕುದುರೆಗೆ ಎಲ್ಲಿ ಉಜ್ಜುತ್ತೋ ಅಲ್ಲಿ ಎರಡು ಪದರ ಹಾಕ್ತೀವಿ ಸಾರ್, ಇಲ್ಲೂ ಹಾಕ್ತೀನಿ’ ಅಂದರು. ಬಾಯಿಯ ಸುತ್ತ ಒಳಗೆ ತೆಳು ತಗಡಿನ ಪಟ್ಟಿ ಇಟ್ಟು ಹೊಲಿದರು. ಪಿಸ್ತೂಲು ತೆಗೆದರೂ ಬಾಯಿ ಮುಚ್ಚಿಕೊಳ್ಳುವುದಿಲ್ಲ. ನಾಲ್ಕು ದಿನ ನೆರಳಲ್ಲಿ ಒಣಗಿಸಿ ಕೊಟ್ಟರು. ಪಿಸ್ತೂಲು ಒಳಗೆ ಕೂತಾಗ ಟಕ್ ಅನ್ನುತ್ತದೆ. ಹೊರಗಿನಿಂದ ಹೆಬ್ಬೆರಳು ಊರಿ ಒತ್ತಿದರೂ ಟ್ರಿಗರ್ ಅಲ್ಲಾಡುವುದಿಲ್ಲ.

ನೀವೂ ಹೀಗೇ ಪರೀಕ್ಷೆ ಮಾಡಿ. ಗುಂಡು ತುಂಬುವ ಮ್ಯಾಗಜಿನ್ ತೆಗೆಯಿರಿ, ಹೊಡೆಯುವ ಮೊದಲು ಗುಂಡು ಕೂರುವ ಛೇಂಬರ್ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಖಾಲಿ ಅಂತ ಖಾತ್ರಿ ಆದ ಮೇಲೆ ಹೋಲ್‌ಸ್ಟರಿಗೆ ಹಾಕಿ, ಹಾಸಿಗೆ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ. ಬಿದ್ದರೆ ಆ ಹೋಲ್‌ಸ್ಟರ್ ಬೇಡ. ಬೀಳದಿದ್ದರೆ ಸೊಂಟಕ್ಕೆ ಕಟ್ಟಿ, ಮನೆಯೊಳಗೇ ಒಂದು ವಾರ ಓಡಾಡಿ. ಕುಕ್ಕರಗಾಲಲ್ಲಿ ಕೂರಿ. ಬಗ್ಗಿ ಚಪ್ಪಲಿ ಹಾಕಿಕೊಳ್ಳಿ.

ಇನ್ನು ಆಯ್ಕೆ. ಸರ್ಕಾರಿ ಕಾರ್ಖಾನೆಯ ಅಶನಿ ಇದೆ, .32 ಪಿಸ್ತೂಲು, ಹೊಸದು ಸಿಗುತ್ತದೆ. ವಿದೇಶದಲ್ಲಿ ತಯಾರಾದದ್ದೇ ಬೇಕು ಅಂದರೆ ಹಳೆಯದೇ ಗತಿ. ಸಾಮಾನ್ಯ ಜನರ ಮಟ್ಟಿಗೆ ಆಮದು 1980ರ ದಶಕದಲ್ಲೇ ನಿಂತು ಹೋಗಿದೆ. ಅದಕ್ಕೇ ಅಜ್ಜನ ಕಾಲದ ವಾಲ್ಥರ್, ಬ್ರೌನಿಂಗುಗಳಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ಸುರಿಯಿರಿ, ನಿಮ್ಮ ದುಡ್ಡು. ಆದರೆ ಅಂಗಡಿಯವರನ್ನು ಮೊದಲು ಕೇಳಬೇಕಾದ್ದು ಬೆಲೆ ಅಲ್ಲ. ‘ಇದಕ್ಕೆ ಅಚ್ಚಿಗೆ ಸರಿಯಾದ ಹೋಲ್‌ಸ್ಟರ್ ಇದೆಯಾ?’ ಇಲ್ಲ ಅಂದರೆ ಎದ್ದು ಬನ್ನಿ. ಜೋಡಿ ಹಳ್ಳಿಕಾರ್ ಎತ್ತು ಕೊಂಡು ಮೂಗುದಾರಕ್ಕೆ ಚೌಕಾಸಿ ಮಾಡುವವನನ್ನು ಜಾತ್ರೆಯಲ್ಲಿ ಏನಂತ ಕರೆಯುತ್ತಾರೆ?

ಕೆಲವರು ಹೇಳುತ್ತಾರೆ, ‘ನಾನು ಛೇಂಬರಿಗೆ ಗುಂಡು ತುಂಬೋದೇ ಇಲ್ಲ, ಹೋಲ್‌ಸ್ಟರ್ ಯಾಕೆ?’ ಸರಿ. ಪಿಸ್ತೂಲು ಜಾರಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದರೆ? ಎತ್ತಿಕೊಂಡವನು ಸ್ಲೈಡ್ ಎಳೆಯುವುದಕ್ಕೆ ಎಷ್ಟು ಹೊತ್ತು ಬೇಕು? ಇನ್ನು ಕೆಲವರು, ‘ಕಾರಿನ ಡ್ಯಾಶ್‌ಬೋರ್ಡಲ್ಲಿ ಇಡ್ತೀನಿ.’ ಅಂದರೆ ಕಳ್ಳನಿಗೆ ಪಾರ್ಸಲ್ ಕಟ್ಟಿ ಇಟ್ಟ ಹಾಗೆ. ‘ರಿವಾಲ್ವರೇ ವಾಸಿ ಬಿಡಿ’ ಅನ್ನುವವರೂ ಇದ್ದಾರೆ. 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಅರ್ಧ ಕೆಜಿ ಅಷ್ಟೇ, ಒಳ್ಳೆಯದೇ. ಅದಕ್ಕೂ ಹೋಲ್‌ಸ್ಟರ್ ಬೇಕು ಸ್ವಾಮಿ!

ಮತ್ತೆ ಇದು ನನ್ನೊಬ್ಬನ ಹಟ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲೇ ಇದೆ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಒಯ್ಯುವುದಾದರೆ ಹೋಲ್‌ಸ್ಟರಿನಲ್ಲೋ ಅದಕ್ಕೆಂದೇ ಮಾಡಿದ ಚೀಲದಲ್ಲೋ ಇರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಮದುವೆಯಲ್ಲಿ ಗುಂಡು ಹಾರಿಸಿ ಸಂಭ್ರಮ ಪಡುವವರಿಗೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ ಇಟ್ಟಿದೆ. ಊಟಿ ಕಡೆ ಹೊರಟವರು ಇನ್ನೊಂದು ನೆನಪಿಡಿ. ಬಂಡೀಪುರದ ಕಾಡಿನೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ, ಲೈಸೆನ್ಸ್ ಇದ್ದರೂ.

ಸೆಲ್ಫ್ ಡಿಫೆನ್ಸ್ ಅಂತ ಎದೆ ತಟ್ಟಿಕೊಳ್ಳುತ್ತೀರಿ. ಯಾರಿಂದ ರಕ್ಷಣೆ? ತೋಟದ ಮನೆಯಲ್ಲಿ ಒಂಟಿ ಇರುವವರ ಭಯ ನನಗೆ ಅರ್ಥ ಆಗುತ್ತದೆ. ರಾತ್ರಿ ನಾಯಿ ಒಂದೇ ಸಮ ಬೊಗಳಿದರೆ ಏನನ್ನಿಸುತ್ತದೆ ಅಂತ ಗೊತ್ತು. ಆ ಭಯಕ್ಕೇ ನಾನೂ ಲೈಸೆನ್ಸ್ ಮಾಡಿಸಿದ್ದು. ಆದರೆ ಕಳ್ಳ ಬರುವುದು ಯಾವತ್ತೋ, ಬಂದರೆ. ಸೊಂಟದಲ್ಲಿ ಬರೀ ಪಿಸ್ತೂಲು ಇಟ್ಟುಕೊಂಡು ಬಗ್ಗುವುದು, ಕೂರುವುದು, ಮಗು ಎತ್ತುವುದು ದಿನಾ. ಹೋಲ್‌ಸ್ಟರ್ ಹಾಕಿ. ಇನ್ನೇನು ಹೇಳಲಿ? ಬಿಸಿಲು, ಬೆವರು, ಚುಚ್ಚುತ್ತೆ, ಶರ್ಟು ಉಬ್ಬುತ್ತೆ, ಎಲ್ಲಾ ಕೇಳಿದ್ದೇನೆ. ಉಬ್ಬಲಿ! ಒಂದು ಸೈಜ್ ದೊಡ್ಡ ಶರ್ಟು ಹೊಲಿಸಿ. ಹೋಲ್‌ಸ್ಟರ್ ಹಾಕಿ.

ಬರುವ ಭಾನುವಾರ ಬೆಳಿಗ್ಗೆ ಲೈವ್ ಇದೆ. ಬೆಲ್ಟಿನ ಬಗ್ಗೆ ಮಾತಾಡೋಣ, ಯಾಕೆಂದರೆ ಮೆತ್ತನೆಯ ಬೆಲ್ಟಿಗೆ ಎಂಥ ಹೋಲ್‌ಸ್ಟರ್ ಕಟ್ಟಿದರೂ ನೇತಾಡುತ್ತದೆ. ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿ. ಲೈಸೆನ್ಸ್ ಇರುವ ಮಾವ, ಚಿಕ್ಕಪ್ಪ ಯಾರಿದ್ದರೂ ಈ ವಿಡಿಯೋ ಕಳಿಸಿ.

ಮಂಡ್ಯದ ಛತ್ರದ ಆ ಬಿಳಿ ಶರ್ಟಿನ ಅಣ್ಣ, ನೀವು ಇದನ್ನು ನೋಡುತ್ತಿದ್ದರೆ ಒಂದು ಮೆಸೇಜ್ ಹಾಕಿ. ಯಾರ ಮುಂದೆಯೂ ನಿಮ್ಮ ಹೆಸರು ಹೇಳುವುದಿಲ್ಲ. ನಿಮ್ಮ ಪಿಸ್ತೂಲಿನ ಅಳತೆಗೆ ಒಂದು ಮರದ ಅಚ್ಚು ಮಾಡಿಸಿಕೊಂಡು ಮೈಸೂರಿಗೆ ಬನ್ನಿ. ಮಂಡಿ ಮೊಹಲ್ಲಾಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಹೊಲಿಸಿದ ದುಡ್ಡು ನಾನೇ ಕೊಡುತ್ತೇನೆ.