ಹಿತ್ತಲು ಎಷ್ಟು ದೊಡ್ಡದು? ಏಪ್ರಿಲ್‌ನ ಕೊಡಗಳನ್ನು ಕೇಳಿ

ನಮಸ್ಕಾರ್ರಿ. ಮೃಗಶಿರ ಮಳೆ ಬಿತ್ತು ಅಂದ್ರೆ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲರಿಗೂ ಹಿತ್ತಲು ನೆನಪಾಗುತ್ತದೆ. ನರ್ಸರಿಗೆ ಓಡುತ್ತೇವೆ. ಟೊಮೆಟೊ ಸಸಿ, ನಿಂಬೆ, ಪೇರಲ, ಹತ್ತಾರು ಗ್ರೋ ಬ್ಯಾಗು. ಆಗಸ್ಟ್‌ನಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬಾ ಹಸಿರು. ಅದೇ ಹಿತ್ತಲಿಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ: ಒಣ ಕಡ್ಡಿ, ಹರಿದ ಬ್ಯಾಗು.

ಮಳೆಗಾಲದಲ್ಲಿ ಬೆಳೆಯೋದು ದೊಡ್ಡ ಮಾತಲ್ಲ ಬಿಡ್ರಿ. ತೋಟ ಎಷ್ಟು ದೊಡ್ಡದಿರಬೇಕು ಅನ್ನೋದನ್ನ ಜಾಗ ನೋಡಿ ಅಲ್ಲ, ಏಪ್ರಿಲ್ ತಿಂಗಳ ನೀರು ನೋಡಿ ತೀರ್ಮಾನಿಸಬೇಕು ಅಂತ ನನ್ನ ವಾದ.

ನಮ್ಮ ನಳದ ಕಥೆ ನಿಮಗೇ ಗೊತ್ತು. ನೀರು ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರಬೇಕು. ಎಷ್ಟೋ ಓಣಿಗಳಲ್ಲಿ ನಳ ಬರೋ ದಿನ ನೋಡಿಕೊಂಡೇ ಬಟ್ಟೆ ನೆನೆಸುತ್ತಾರೆ. ಈಗ ಲೆಕ್ಕ ಹಾಕಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕಾಯಿಪಲ್ಲೆ ಮಡಿ ಕಡುಬೇಸಿಗೆಯಲ್ಲಿ ದಿನಕ್ಕೆ ಸುಮಾರು 50 ಲೀಟರ್ ನೀರು ಕುಡಿಯುತ್ತದೆ. ಅಂದ್ರೆ ಮೂರು-ನಾಲ್ಕು ಕೊಡ. ದಿನಾಲೂ. ಅಕ್ಕಿ, ಬೇಳೆ, ತಪ್ಪಲು ತೊಳೆದ ನೀರು ಕೂಡಿಟ್ಟರೆ ಒಂದು ಬಕೆಟ್ ಆಗಬಹುದು. ಬಚ್ಚಲ ನೀರು ಬಾಳೆಗೆ ಸರಿ, ಕೊತ್ತಂಬರಿಗೆ ಬೇಡ. ಹಾಗಾದ್ರೆ ನಿಮ್ಮ ಬೇಸಿಗೆ ಮಡಿ ಐದಡಿಯದ್ದೋ ಹತ್ತಡಿಯದ್ದೋ, ನೀವೇ ಹೇಳಿ.

"ಟೆರೇಸ್ ಮಳೆನೀರು ಹಿಡಿದರಾಯ್ತಲ್ಲ" ಅನ್ನುವವರಿದ್ದಾರೆ. ಹಿಡಿಯಿರಿ. ಸಾವಿರ ಚದರಡಿ ಟೆರೇಸ್ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರ್ ದಾಟುತ್ತದೆ. ಆದರೆ ಜುಲೈನಲ್ಲಿ ತುಂಬಿದ ಡ್ರಮ್ಮು ಏಪ್ರಿಲ್‌ವರೆಗೆ ಬರೋದಿಲ್ಲ. ದೊಡ್ಡ ತೊಟ್ಟಿ ಇಲ್ಲದವರಿಗೆ ಡ್ರಮ್ಮು ನಿಜವಾಗಿ ಕೆಲಸಕ್ಕೆ ಬರೋದು ಬೇಸಿಗೆಯ ಅಡ್ಡಮಳೆಗೆ. ಅಷ್ಟು ಹೊತ್ತಿಗೆ ಅದು ಖಾಲಿ ಇರಲಿ, ಪೈಪು ಜೋಡಿಸಿರಲಿ.

ಇನ್ನು ಮಣ್ಣು. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯವರದು ಎರೆ, ಅಂದ್ರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬಿ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಕೈ ಇಳಿಯುವಷ್ಟು. ಆ ಬಿರುಕಿನ ಪಕ್ಕ ಒಂದು ಕೊಡ ನೀರು ಸುರಿದು ನೋಡಿ, ಗಿಡಕ್ಕೆ ಸಿಗೋ ಮೊದಲೇ ಗಳಗಳ ಅಂತ ಕೆಳಗೆ ಇಳಿದುಹೋಗುತ್ತದೆ. ಅದಕ್ಕೇ ಮಡಿ ಒಂದಡಿ ಎತ್ತರ ಮಾಡಿ, ಕೊಳೆತ ತಿಪ್ಪೆಗೊಬ್ಬರ ಧಾರಾಳ ಸೇರಿಸಿ. ಫೆಬ್ರವರಿಯಲ್ಲೇ, ಬಿರುಕು ಬಿಡೋ ಮುಂಚೆ, ಮೇಲೆ ನಾಲ್ಕು ಬೆರಳು ದಪ್ಪ ಹೊದಿಕೆ ಹಾಕಿ. ಕಡಲೆ ಹೊಟ್ಟು, ಒಣ ಎಲೆ, ಕಬ್ಬಿನ ರವದಿ, ಸಿಕ್ಕಿದ್ದು. ಇದಕ್ಕಿಂತ ಅಗ್ಗದ ನೀರಾವರಿ ನನಗೆ ಗೊತ್ತಿಲ್ಲ. ಧಾರವಾಡದ ಪಡುವಣ ಕಡೆ ಕೆಂಪು ಮಣ್ಣಿದ್ದವರಿಗೆ ಬಿರುಕಿನ ಕಾಟ ಕಡಿಮೆ, ಆದರೆ ನೀರು ಬೇಗ ಬಸಿಯುತ್ತದೆ. ಹೊದಿಕೆ ಅವರಿಗೂ ಬೇಕು.

ಬೆಳೆ? ಟೊಮೆಟೊ ಆಸೆ ಸ್ವಲ್ಪ ಬಿಡಿ. ಮೆಂತ್ಯೆ ತಪ್ಪಲು ತಿಂಗಳೊಳಗೆ ಕೈಗೆ ಬರುತ್ತದೆ. ರಾಜಗಿರಿ, ಪುಂಡಿ ಪಲ್ಲೆ ಹಾಕಿ. ಚಳಿಗಾಲಕ್ಕೆ ಹಕ್ಕರಕಿ. ರೊಟ್ಟಿ ಜೊತೆ ಹಸಿ ತಪ್ಪಲು ತಿನ್ನೋ ನಮ್ಮ ಊಟಕ್ಕೆ ಇದೇ ತೋಟ ಅಲ್ವಾ? ಬೇಲಿ ಅಂಚಿಗೆ ನುಗ್ಗೆ, ಕರಿಬೇವು. ಮೊದಲ ಬೇಸಿಗೆ ದಾಟಿಸಿದರೆ ಆಮೇಲೆ ಅವು ಜಾಸ್ತಿ ಕೇಳೋದಿಲ್ಲ. "ಹಿತ್ತಲಿಂದ ತಿಂಗಳಿಗೆ ಇಷ್ಟು ಸಾವಿರ" ಅನ್ನೋ ವಿಡಿಯೋಗಳನ್ನ ಸುಮ್ನೆ ನಕ್ಕು ಮುಂದೆ ಸರಿಸಿ.

ಕೋಳಿ ಸಾಕಬೇಕು ಅಂತೀರಾ? ಒಂದು ಬೇಸಿಗೆ ಮಡಿ ಹಸಿರಾಗಿ ಉಳಿದ ಮೇಲೆ ತನ್ನಿ, ಅದೂ ಮೂರ್ನಾಲ್ಕು ಹೇಂಟೆ ಸಾಕು. ಮಡಿಗೆ ಬಲೆ ಕಟ್ಟಿ, ಇಲ್ಲಾಂದ್ರೆ ಆ ಹೊದಿಕೆಯನ್ನೆಲ್ಲ ಒಂದೇ ಬೆಳಗ್ಗೆ ಕೆದರಿ ಹರಡುತ್ತವೆ. ತತ್ತಿಗೆ ಹುಂಜ ಬೇಕಾಗಿಲ್ಲ, ಮರಿ ಬೇಕಿದ್ದರೆ ಮಾತ್ರ ಬೇಕು. ಪಕ್ಕದ ಮನೆಯವರಿಗೆ ಈ ವಿಷಯ ಮೊದಲೇ ಹೇಳಿಬಿಡಿ.